ಗೋಡೆಯ ಮೇಲಿನ ಮೂವತ್ತೇಳನೆಯ ಸಾಲು

ಆ ಮಧ್ಯಾಹ್ನ ಹೆಡ್‌ಮಾಸ್ಟರ ಕೋಣೆಯಲ್ಲಿ ನಾವು ಆರು ಜನ ಇದ್ದೆವು. ಮೇಜಿನ ಹಿಂದೆ ಹೆಡ್‌ಮಾಸ್ಟರು. ಅವರ ಎಡಕ್ಕೆ, ಹಾಜರಿ ಪುಸ್ತಕವನ್ನು ಕೂಸಿನಂತೆ ಅವುಚಿಕೊಂಡು ಗಣಿತದ ಮೇಷ್ಟ್ರು. ಬಲಕ್ಕೆ ಕನ್ನಡದ ಮೇಷ್ಟ್ರಾದ ನಾನು. ಟೈಪ್‌ರೈಟರಿನ ಹಿಂದೆ ಗುಮಾಸ್ತರು. ಎದುರಿಗೆ, ತಾಂಡ್ಯದ ಕಾರ್ಖಾನೆಯ ಖಾಕಿ ಅಂಗಿಯಲ್ಲೇ ಓಡಿಬಂದಿದ್ದ ಒಬ್ಬ ತಂದೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತವಳು ಅವನ ಮಗಳು, ಹತ್ತನೇ ಕ್ಲಾಸು. ಮೇಜಿನ ಮೇಲೆ ಒಂದು ಹಾಳೆ. ಹಾಜರಿ ಸಾಲದೆ ಪಬ್ಲಿಕ್ ಪರೀಕ್ಷೆಗೆ ಕೂರಲಾಗದವರ ಪಟ್ಟಿ ಅದು. ಮರುದಿನ ಬೆಳಗ್ಗೆ ಮೈಸೂರಿಗೆ ಹೋಗಬೇಕು. ಅದರಲ್ಲಿ ಆ ಹುಡುಗಿಯ ಹೆಸರಿತ್ತು.

"ನನ್ ಮಗ್ಳು ಒಂದಿನಾನೂ ತಪ್ಸಿಲ್ಲ ಸಾ," ಎಂದ ತಂದೆ. "ಜರ ಬಂದಾಗ್ಲೂ ಓಗವ್ಳೆ. ಬ್ಯಾಡ ಕಣವ್ವಾ ಅಂದ್ರೂ ಕೇಳ್ನಿಲ್ಲ."

"ಗೊತ್ತು," ಎಂದರು ಗಣಿತದ ಮೇಷ್ಟ್ರು.

"ಗೊತ್ತಿದ್ರೆ ಗೈರು ಅಂತ ಯಾಕ್ ಸಾ ಬರುದ್ರಿ?"

"ನನ್ನ ಬಳಗದಲ್ಲಿ ಗೈರು. ಶಾಲೆಯಲ್ಲಿ ಹಾಜರು. ಎರಡೂ ನಿಜ ಕಣಯ್ಯಾ."

ಇದನ್ನು ಕೇಳಿ ಆ ಮನುಷ್ಯ ನನ್ನ ಮುಖ ನೋಡಿದ. ನಾನು ಕಿಟಕಿ ನೋಡಿದೆ.

ಈ ಬಳಗದ ಕಿತಾಪತಿಯನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ನಂಜನಗೂಡಿನ ನಮ್ಮ ಹೈಸ್ಕೂಲು ದೊಡ್ಡದು. ಒಂದು ಮೂಲೆಯಲ್ಲಿ ಬೆಲ್ಲು ಹೊಡೆದರೆ ಇನ್ನೊಂದು ಮೂಲೆಯವರು ಅದನ್ನು ಐಸ್‌ಕ್ಯಾಂಡಿಯವನ ಗಂಟೆ ಅಂದುಕೊಳ್ಳುವಷ್ಟು ದೊಡ್ಡದು. ಎಂಬತ್ತರ ದಶಕದ ಮೊದಮೊದಲಲ್ಲಿ ನಮಗೆ ಬಂದ ಹೆಡ್‌ಮಾಸ್ಟರು ಮೈಸೂರಿನಲ್ಲಿ ಹತ್ತು ದಿನ ತರಬೇತಿಗೆ ಹೋಗಿ, ಹನ್ನೊಂದನೆಯ ದಿನ ಬೇರೆ ಮನುಷ್ಯರಾಗಿ ವಾಪಸು ಬಂದರು. ದೊಡ್ಡ ಶಾಲೆಯಲ್ಲಿ ಮಗು ಕಳೆದುಹೋಗುತ್ತದೆ, ದೊಡ್ಡದನ್ನು ಒಡೆದು ಚಿಕ್ಕಚಿಕ್ಕ ಬಳಗ ಮಾಡಬೇಕು, ಪ್ರತಿ ಬಳಗಕ್ಕೂ ತನ್ನದೇ ಕೋಣೆ, ತನ್ನದೇ ಮೇಷ್ಟ್ರು, ತನ್ನದೇ ಹಾಜರಿ ಪುಸ್ತಕ. ಮಾತು ಒಳ್ಳೆಯದೇ. ಈಗಲೂ ನಾನು ಅದಕ್ಕೆ ಎದುರಾಡುವವನಲ್ಲ. ಆದರೆ ಒಡೆಯುವುದು ಹೇಗೆ?

ಅವರು ಬಸ್ಸಿನ ಪ್ರಕಾರ ಒಡೆದರು.

ದೇವನೂರು ಬಸ್ಸಿನಲ್ಲಿ ಬರುವವರು ಒಂದು ಬಳಗ. ಹೆಮ್ಮರಗಾಲದ ಕಡೆಯವರು ಒಂದು. ನರಸೀಪುರದ ರಸ್ತೆಯವರು ಒಂದು. ರೈಲಿನವರು ಒಂದು. ಊರೊಳಗಿನಿಂದ ಕಾಲಲ್ಲೇ ಬರುವವರು ನಡಿಗೆ ಬಳಗ. ಬಸ್ಸು ಯಾವಾಗ ಬರುತ್ತದೋ ಆಗ ಆ ಬಳಗದ ಮೊದಲ ಪಿರಿಯಡ್ಡು. ಹೀಗಾಗಿ ಒಂದು ಕೋಣೆಯಲ್ಲಿ ಮೂರನೇ ಪಾಠ ನಡೆಯುವಾಗ ಪಕ್ಕದಲ್ಲಿ ಪ್ರಾರ್ಥನೆ. ಐದು ಬಳಗಕ್ಕೆ ಐದು ಬೆಲ್ಲು. ಜವಾನ ಕಬ್ಬಿಣದ ಸರಳು ಹಿಡಿದುಕೊಂಡೇ ಊಟ ಮಾಡುತ್ತಿದ್ದ. ಯಾವ ಬೆಲ್ಲು ಯಾರದ್ದೆಂದು ತಿಳಿಯದೆ ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಒಂದೇ ಬಾಳೆಹಣ್ಣನ್ನು ಮೂರು ಬಳಗಕ್ಕೆ ಬರೆಸಿ, ನಾಲ್ಕನೆಯದಕ್ಕೆ ಹೋಗುವಾಗ ಸಿಟ್ಟಿನಿಂದ ತಿಂದುಬಿಟ್ಟರು.

ನಾನು ಆಗಲೂ ಈಗಲೂ ನರಸೀಪುರದಲ್ಲೇ ಮನೆ ಮಾಡಿಕೊಂಡವನು. ನೀವೂ ಅದೇ ಬಸ್ಸಿನವರಲ್ಲವೇನ್ರೀ ಎಂದು ನರಸೀಪುರ ರಸ್ತೆಯ ಬಳಗವನ್ನು ಹೆಡ್‌ಮಾಸ್ಟರು ನನ್ನ ಕೊರಳಿಗೆ ಕಟ್ಟಿದರು. ಹತ್ತನೇ ಕ್ಲಾಸಿನಲ್ಲಿ ಮೂವತ್ತಾರು ಮಕ್ಕಳು. ನನ್ನ ಜೊತೆಗೇ ಹತ್ತಿ, ನನ್ನ ಜೊತೆಗೇ ಇಳಿದು, ಬಸ್ಸಿನಲ್ಲಿ ನಾನು ತೂಕಡಿಸಿದ್ದನ್ನು ಆಡಿಕೊಂಡು ನಗುತ್ತಿದ್ದವರು.

ದಸರಾ ರಜೆ ಕಳೆದ ಮೊದಲ ದಿನ ಮೂವತ್ತೇಳನೆಯವಳಾಗಿ ಈ ಹುಡುಗಿ ಬಸ್ಸು ಹತ್ತಿದಳು. ಅಲ್ಲಿಯವರೆಗೆ ದೇವನೂರು ಬಸ್ಸಿನವಳು. ನರಸೀಪುರದ ದಾರಿಯ ಹಳ್ಳಿಯಲ್ಲಿದ್ದ ಅವಳ ಅಜ್ಜಿ ಬಾವಿಕಟ್ಟೆಯಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ನೋಡಿಕೊಳ್ಳಲು ಇವಳನ್ನು ಅಲ್ಲಿಗೆ ಕಳಿಸಿದ್ದರು. ಬಸ್ಸು ಬದಲಾಯಿತು, ಅಂದಮೇಲೆ ಬಳಗವೂ ಬದಲಾಯಿತು.

"ಕೂತ್ಕೋ," ಎಂದೆ ನಾನು. "ನಿನ್ನ ಚೀಟಿ ಬರಲಿ, ಹೆಸರು ಸೇರಿಸ್ತೀನಿ."

ಚೀಟಿ ಗಣಿತದ ಮೇಷ್ಟ್ರಿಂದ ಬರಬೇಕು. ದೇವನೂರು ಬಳಗ ಅವರದ್ದು. ಹೆಡ್‌ಮಾಸ್ಟರು ಕಲ್ಲಚ್ಚು ಹಾಕಿಸಿ ಹಂಚಿದ್ದ ನಿಯಮಾವಳಿಯ ಏಳನೆಯ ನಿಯಮ ಹೀಗಿತ್ತು: ಸೇರಿಸಿಕೊಳ್ಳುವ ಮೇಷ್ಟ್ರು ಒಪ್ಪಿಗೆ ಬರೆದುಕೊಟ್ಟ ಮೇಲೆ ಬಿಡುವ ಮೇಷ್ಟ್ರು ಚೀಟಿ ಕೊಡತಕ್ಕದ್ದು. ಎಂಟನೆಯ ನಿಯಮ: ಬಿಡುವ ಮೇಷ್ಟ್ರ ಚೀಟಿ ನೋಡಿದ ಮೇಲೆ ಸೇರಿಸಿಕೊಳ್ಳುವ ಮೇಷ್ಟ್ರು ಒಪ್ಪಿಗೆ ಬರೆಯತಕ್ಕದ್ದು. ಗಣಿತದ ಮೇಷ್ಟ್ರು ಏಳನೆಯದನ್ನು ಹಿಡಿದರು. ನಾನು ಎಂಟನೆಯದನ್ನು ಹಿಡಿದೆ. ನಮ್ಮಿಬ್ಬರ ಕೋಣೆಗಳ ನಡುವೆ ಒಂದು ಬೇವಿನ ಮರ, ಅಷ್ಟೇ. ದಿನಾ ಅದರ ಕೆಳಗೆ ನಿಂತು ಜೊತೆಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಮೊದಮೊದಲು "ಚೀಟಿ?" ಎನ್ನುತ್ತಿದ್ದೆ, ಅವರು "ಒಪ್ಪಿಗೆ?" ಎನ್ನುತ್ತಿದ್ದರು. ಆಮೇಲೆ ಅದೂ ನಿಂತುಹೋಯಿತು. ದಸರಾದಿಂದ ಸಂಕ್ರಾಂತಿಯವರೆಗೆ ನಾನು ಒಂದರಿಂದ ಮೂವತ್ತಾರರವರೆಗೆ ನಂಬರು ಕೂಗಿ ಪುಸ್ತಕ ಮುಚ್ಚಿದೆ. ಕೊನೆಯ ಬೆಂಚಿನಲ್ಲಿ ಅವಳು ಕೂತಿದ್ದಳು, ಪದ್ಯ ಕೇಳಿದರೆ ಎಲ್ಲರಿಗಿಂತ ಮೊದಲು ಒಪ್ಪಿಸುತ್ತಿದ್ದಳು. ನನಗೇನೂ ಅನ್ನಿಸಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಇರಲಿ, ಆ ಮಧ್ಯಾಹ್ನಕ್ಕೆ ಬರುತ್ತೇನೆ.

"ಸಾರ್, ಈಗ ನನ್ನ ಪುಸ್ತಕದಲ್ಲಿ ಅವಳ ಹೆಸರು ಬರೆದು ದಸರಾದಿಂದ ಹಾಜರಿ ತುಂಬಿಬಿಡ್ತೀನಿ," ಎಂದೆ ನಾನು.

"ಏನು ನೋಡಿ ತುಂಬ್ತೀರಿ?" ಎಂದರು ಹೆಡ್‌ಮಾಸ್ಟರು. "ನೆನಪಿನಿಂದಲೇ? ಕನ್ನಡ ಪಾಠ ಅಲ್ಲ ಕಣ್ರೀ ಅದು, ದಾಖಲೆ. ನಾಳೆ ಯಾರಾದರೂ ಕೇಳಿದರೆ? ಒಂದು ರೆಕಾರ್ಡ್ ತೋರಿಸಿ. ಆ ಹೊತ್ತಿನಲ್ಲಿ, ಆ ದಿನವೇ ಬರೆದದ್ದು. ಈಗಿಂದೀಗ ಪಟ್ಟಿಯಿಂದ ಹೆಸರು ಹೊಡೆದುಹಾಕ್ತೀನಿ."

"ನಾವಿಬ್ಬರೂ ಕಣ್ಣಾರೆ ನೋಡಿದ್ದೀವಿ."

"ಬೋರ್ಡಿಗೆ ನಿಮ್ಮ ಕಣ್ಣು ಕಳಿಸಲೇ?"

ತಂದೆ ಕೈಮುಗಿದ. "ಸಾ, ಈ ವರ್ಸ ಕೂರ್ನಿಲ್ಲ ಅಂದ್ರೆ ಮನೇಲಿ ನಿಲ್ಲುಸ್ಬುಡ್ತಾರೆ. ಅವ್ರಜ್ಜಿ ಆಗ್ಲೇ ಗಂಡು ನೋಡ್ತಾವ್ಳೆ. ಪಾಸಾಗ್ಲಿ ಅಂತ ನಾನು ತಡ್ದಿವ್ನಿ."

ಆಗ ಬಾಗಿಲಿಂದ ಹುಡುಗಿಯ ದನಿ ಬಂತು. "ಸಾ, ಗ್ವಾಡೆ ಮ್ಯಾಲೈತಲ್ಲಾ ಸಾ."

"ಯಾವ ಗೋಡೆ?"

"ನಮ್ ಬಳಗದ ಗ್ವಾಡೆ ಸಾ. ಕಸದ ಗೀಟು."

ಕಸದ ಗೀಟು!

ನಮ್ಮ ಬಳಗದ ಕೋಣೆ ಗುಡಿಸುವುದು ಮಕ್ಕಳ ಕೆಲಸ. ಜೂನ್ ತಿಂಗಳಲ್ಲಿ ನೋಡಿದರೆ ಕಸಬರಿಗೆ ದಿನವೂ ಊರಾಚೆಯ ಕೇರಿಯಿಂದ ಬರುವ ಅದೇ ಮೂರು ಹೆಣ್ಣುಮಕ್ಕಳ ಕೈಯಲ್ಲಿ. ಯಾರೂ ಅಪ್ಪಣೆ ಕೊಟ್ಟದ್ದಲ್ಲ, ಹಾಗೇ ನಡೆದಿತ್ತು, ನಾನೂ ನಡೆಯಲು ಬಿಟ್ಟಿದ್ದೆ. ಒಂದು ಬೆಳಗ್ಗೆ ಅವರಲ್ಲೊಬ್ಬಳು ಕಸಬರಿಗೆ ತಂದು ನನ್ನ ಮೇಜಿನ ಮೇಲೆ ಇಟ್ಟು, "ನೀವೇ ಯೋಳಿ ಸಾ, ಇವತ್ತು ಯಾರು ಅಂತ," ಎಂದಳು. ಅಂದಿನಿಂದ ಎಲ್ಲರಿಗೂ ಸರದಿ. ಸರದಿ ತಪ್ಪಿಸುವುದರಲ್ಲಿ ಮಕ್ಕಳು ವಕೀಲರಿಗಿಂತ ಜಾಣರು, ನಾನು ನಿನ್ನೆ ಬಂದೇ ಇರಲಿಲ್ಲ ಸಾ ಅನ್ನುತ್ತಾರೆ. ಅದಕ್ಕೆಂದು ಮಕ್ಕಳೇ ಹಿಂಬದಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ತಮ್ಮತಮ್ಮ ನಂಬರಿನ ಮುಂದೆ ಒಂದೊಂದು ಸಾಲು ಮಾಡಿಕೊಂಡರು. ಬಸ್ಸಿಳಿದು ಬಂದ ಕೂಡಲೇ ಎಲ್ಲರೆದುರು ಒಂದು ಗೀಟು. ಬಾರದ ದಿನದ ಜಾಗ ಖಾಲಿ. ರಜೆಗೆ ಅಡ್ಡಗೆರೆ. ವಾರಕ್ಕೊಂದು ಕಟ್ಟು. ಗುಡಿಸಿದ ದಿನ ಗೀಟಿನ ನೆತ್ತಿಗೆ ಒಂದು ಚುಕ್ಕೆ. ಒಬ್ಬರ ಗೀಟನ್ನು ಮೂವತ್ತೈದು ಜೊತೆ ಕಣ್ಣು ಕಾಯುತ್ತಿದ್ದವು. ಮಠದ ಕಡೆಯ ಒಬ್ಬ ತಂದೆ ಬಂದು, ನಮ್ಮ ಹುಡುಗನ ಕೈಗೆ ಕಸಬರಿಗೆ ಕೊಟ್ಟಿರಾ ಎಂದು ಗದರಿದ್ದೂ ಉಂಟು. ನಾನೂ ಅಂಥದ್ದೇ ಮನೆಯವನು, ಗೋಡೆ ತೋರಿಸಿ ಕಳಿಸಿದೆ.

"ಬನ್ನಿ ಸಾರ್," ಎಂದೆ.

"ಗೋಡೆ!" ಎಂದು ಹೆಡ್‌ಮಾಸ್ಟರು ಎದ್ದುನಿಂತರು. "ಕೆಟ್ಟಿತು ಕಣ್ರೀ. ಇನ್‌ಸ್ಪೆಕ್ಷನ್ನಿಗೆ ಅಂತ ನಿಮ್ಮ ಕೋಣೆಗೆ ಊಟದ ಹೊತ್ತಿನಲ್ಲೇ ಸುಣ್ಣದವನನ್ನ ಬಿಟ್ಟಿದ್ದೀನಿ."

ಅವರು ಓಡುವ ಮನುಷ್ಯರಲ್ಲ. ಆ ದಿನ ಪಂಚೆ ಎತ್ತಿ ಓಡಿದರು. ಅವರ ಹಿಂದೆ ನಾನು, ನನ್ನ ಹಿಂದೆ ಖಾಕಿ ಅಂಗಿ, ಪುಸ್ತಕ ಅವುಚಿಕೊಂಡ ಗಣಿತದ ಮೇಷ್ಟ್ರು, ಕೊನೆಗೆ ಗುಮಾಸ್ತರು. ಹುಡುಗಿ ನಮ್ಮೆಲ್ಲರಿಗಿಂತ ಮೊದಲೇ ತಲುಪಿಬಿಟ್ಟಿದ್ದಳು. ಐದು ಬಳಗದ ಕಿಟಕಿಗಳಲ್ಲೂ ತಲೆಗಳು.

ಸುಣ್ಣದ ಮುದುಕ ಗೋಡೆಯ ಮೇಲಿನಿಂದ ಶುರುಮಾಡಿ ಮಂಡಿಯ ಮಟ್ಟಕ್ಕೆ ಬಂದಿದ್ದ. ಒಂದನೆಯ ನಂಬರಿನಿಂದ ಮೂವತ್ತರವರೆಗೆ ಹಾಲಿನಂತೆ ಬಿಳುಪು. ಕೆಳಗೆ ಆರೇಳು ಸಾಲು ಉಳಿದಿದ್ದವು. ಕೊನೆಗೆ ಸೇರಿದವಳಲ್ಲವೇ, ಅವಳ ಸಾಲು ಎಲ್ಲಕ್ಕಿಂತ ಕೆಳಗೆ, ನೆಲಕ್ಕೆ ಒಂದು ಗೇಣು ಮೇಲೆ. ಮುದುಕನ ಕುಂಚ ಅದರತ್ತ ಹೊರಟಿತ್ತು.

"ನಿಲ್ಸು! ನಿಲ್ಸಯ್ಯಾ!" ಎಂದು ಕೂಗಿದರು ಹೆಡ್‌ಮಾಸ್ಟರು.

"ಯಾಕ್ ಬುದ್ಧೀ? ನೀವೇ ಬಿರ್ರನೆ ಮುಗ್ಸು ಅಂದ್ರಿ. ಈಗ ನಿಲ್ಸು ಅಂತೀರಿ. ಸುಣ್ಣ ಗಟ್ಟಿಯಾಯ್ತದೆ."

"ಆಗ್ಲಿ!"

ಹೆಡ್‌ಮಾಸ್ಟರು ಕುಕ್ಕರಗಾಲಿನಲ್ಲಿ ಕೂತು, ಕನ್ನಡಕ ಏರಿಸಿ ನೋಡಿದರು. "ಎಲ್ಲರ ಮುಂದೆಯೂ ನಂಬರಿದೆ. ಇದರ ಮುಂದೆ ಸೊನ್ನೆ. ಈ ಸೊನ್ನೆ ಯಾರದ್ದು?"

ಬಾಗಿಲಲ್ಲಿ ಮುತ್ತಿದ್ದ ನನ್ನ ಮೂವತ್ತಾರು ಮಕ್ಕಳೂ ಒಟ್ಟಿಗೆ, "ಅವ್ಳ್ದೇ ಸಾ!" ಎಂದರು.

"ನಂಬರ್ ಕೊಟ್ಟಿರ್ನಿಲ್ಲ ಸಾ," ಎಂದಳು ಅವಳು. "ಅದ್ಕೇ ಸೊನ್ನೆ ಆಕಿವ್ನಿ. ಸರದಿ ಬಂದಾಗ ಕಸ ಗುಡ್ಸಿವ್ನಿ."

ಹೆಡ್‌ಮಾಸ್ಟರು ತಲೆಯೆತ್ತಿ ನನ್ನನ್ನು ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಕಸಕ್ಕೆ ಲೆಕ್ಕಕ್ಕಿದ್ದವಳು ಪಾಠಕ್ಕೆ ಲೆಕ್ಕಕ್ಕಿರಲಿಲ್ಲ. ಅವರು ಬೈದಿದ್ದರೆ ಎಷ್ಟೋ ಮೇಲಿತ್ತು.

"ಎಣಿಸಿ," ಎಂದರು.

ಗಣಿತದ ಮೇಷ್ಟ್ರು ನೆಲದ ಮೇಲೆ ಕೂತರು. ಕಡ್ಡಿಯೊಂದನ್ನು ಹಿಡಿದು ಗೀಟಿನಿಂದ ಗೀಟಿಗೆ ಸರಿದರು. ನಾನು ಪಕ್ಕದಲ್ಲಿ ಹಾಳೆ ಹಿಡಿದು ವಾರ ವಾರ ಬರೆದುಕೊಂಡೆ. ಒಮ್ಮೆ ಎಣಿಸಿ ಮುಗಿಸಿ, ಕೆಮ್ಮಿ, ಇನ್ನೊಮ್ಮೆ ಎಣಿಸಿದರು. ಇಡೀ ಸಾಲಿನಲ್ಲಿ ಒಂದೂ ಖಾಲಿ ಜಾಗವಿರಲಿಲ್ಲ. ಅಷ್ಟಕ್ಕೇ ಬಿಟ್ಟರೇ? ನನ್ನ ಹಾಜರಿ ಪುಸ್ತಕ ತರಿಸಿ ತಾಳೆ ನೋಡಿದರು.

"ಏನ್ರೀ ಮೇಷ್ಟ್ರೇ, ಕಾರ್ತೀಕದ ಈ ಸೋಮವಾರ, ಮಂಗಳವಾರ ಇವಳ ಗೀಟಿದೆ. ನಿಮ್ಮ ಸಹಿಯೇ ಇಲ್ಲವಲ್ಲ?"

"ರಜೆ ಹಾಕಿದ್ದೆ," ಎಂದೆ.

"ಮಗು ಬಂದಿದೆ, ಬಳಗದ ಯಜಮಾನರೇ ಗೈರು," ಎಂದು ಗುಮಾಸ್ತರು ಕಿಸಕ್ಕೆಂದರು. ಬಾಗಿಲಲ್ಲಿ ಮಕ್ಕಳೂ ನಕ್ಕರು. ಬಸ್ಸಿನಲ್ಲಿ ವಾರಗಟ್ಟಲೆ ನಗಲು ಅವರಿಗೆ ಸರಕು ಸಿಕ್ಕಿತು.

ಗಣಿತದ ಮೇಷ್ಟ್ರು ಎದ್ದು ಪಂಚೆಯ ಧೂಳು ಕೊಡವಿದರು. ಜೇಬಿನಿಂದ ಪೆನ್ನು ತೆಗೆದು, ನನ್ನ ಬೆನ್ನನ್ನೇ ಮೇಜು ಮಾಡಿಕೊಂಡು ಚೀಟಿ ಬರೆದರು. "ತಗೊಳ್ಳಿ, ಚೀಟಿ."

"ಅಂತೂ ನೀವೇ ಮೊದಲು," ಎಂದೆ.

"ಮೊದಲೂ ಇಲ್ಲ, ಕೊನೆಯೂ ಇಲ್ಲ. ಬಾಯಿ ಮುಚ್ಚಿಕೊಂಡು ಒಪ್ಪಿಗೆ ಬರೀರಿ."

ಗೋಡೆಯ ಸಾಲನ್ನು ನಾನು ಪುಸ್ತಕಕ್ಕೆ ಇಳಿಸಿದೆ. ಕೆಳಗೆ ಮೂರೂ ಜನ ಸಹಿ ಮಾಡಿದೆವು. ಹೆಡ್‌ಮಾಸ್ಟರು ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದರು. ತಂದೆಗೆ ಅಷ್ಟಕ್ಕೆ ನಂಬಿಕೆ ಬರಲಿಲ್ಲ. "ಇನ್ನೊಂದ್ ಗೆರೆ ಎಳೀರಿ ಸಾ, ವಸಿ ಗಟ್ಟಿಯಾಗಿ," ಎಂದ. ಅವರು ಎಳೆದರು.

"ಈಗ ಬಳೀಲಾ?" ಎಂದ ಮುದುಕ.

"ಆ ಸಾಲು ಮುಟ್ಟಬೇಡ," ಎಂದರು ಹೆಡ್‌ಮಾಸ್ಟರು. "ಅದು ರೆಕಾರ್ಡು."

ಇನ್‌ಸ್ಪೆಕ್ಟರು ಬಂದಾಗ ಬೆಳ್ಳಗಿನ ಗೋಡೆಯ ಬುಡದಲ್ಲಿ ಆ ಒಂದು ಕೊಳಕು ಪಟ್ಟಿ ಇತ್ತು. ಇದೇನು ಎಂದು ಅವರು ಕೇಳಿದರು. ಹೆಡ್‌ಮಾಸ್ಟರು ಅರ್ಧ ಗಂಟೆ ವಿವರಿಸಿದರು. ಇನ್‌ಸ್ಪೆಕ್ಟರಿಗೆ ಎಷ್ಟು ತಿಳಿಯಿತೋ ಕಾಣೆ, ವರದಿಯಲ್ಲಿ "ಕೋಣೆಯ ಸುಣ್ಣ ಅಪೂರ್ಣ" ಎಂದು ಬರೆದು ಹೋದರು.

ಹುಡುಗಿ ಪರೀಕ್ಷೆಗೆ ಕೂತಳು, ಪಾಸಾದಳು. ತಂದೆ ಕಾರ್ಖಾನೆಯಿಂದ ನೇರವಾಗಿ ಬಂದು ಒಂದು ಗೊನೆ ರಸಬಾಳೆಯನ್ನು ಸ್ಟಾಫ್ ರೂಮಿನಲ್ಲಿ ಇಟ್ಟು ಹೋದ.

ಆ ಜೂನ್‌ನಲ್ಲಿ ಹೆಡ್‌ಮಾಸ್ಟರಿಗೆ ನಮ್ಮ ನರಸೀಪುರಕ್ಕೆ ವರ್ಗವಾಯಿತು. ನನ್ನ ಮಗಳು ಅಲ್ಲಿನ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು. ಮೊದಲ ವಾರ ಮುಗಿದ ಮೇಲೆ, ಸೋಮವಾರ ಬೆಳಗ್ಗೆ ಅವಳು ಒಲೆಯ ಮುಂದೆ ಕೂತು ಏನೋ ಕೆದಕುತ್ತಿದ್ದಳು.

"ಏನೇ ಅದು?" ಎಂದೆ.

"ಇದ್ದಿಲು ಅಪ್ಪಾ. ಹೊಸ ಹೆಡ್‌ಮಾಸ್ಟರು ಎಲ್ಲರೂ ಒಂದೊಂದು ತರಬೇಕು ಅಂದಿದ್ದಾರೆ."

ನಾನು ಇಕ್ಕಳ ತಗೊಂಡು ಎರಡು ಗಟ್ಟಿ ತುಂಡು ಆರಿಸಿ, ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ. ಆಮೇಲೆ ನಂಜನಗೂಡಿನ ಬಸ್ಸು ಹಿಡಿಯಲು ಹೊರಟೆ.