ನಾನು ಬರೆದ ನಡತೆ ಪತ್ರ

ಮೊನ್ನೆ ರಾಯಚೂರಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಲ್ಯಾಮಿನೇಷನ್ ಯಂತ್ರದಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ನಿಮಗಾದರೆ ಅದು ಬರೀ ವಾಸನೆ. ನಾನು ಅಲ್ಲಿ ನಿಲ್ಲಲಾಗದೆ ಹೊರಗೆ ಬಂದೆ.

ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತವನಿಗೆ ಮನೆಯಲ್ಲಿ ಸುಮ್ಮನೆ ಕೂರಲು ಬರುವುದಿಲ್ಲ. ಹೆಂಡತಿಯ ಸಂತೆ ಚೀಟಿಯಲ್ಲೂ ಕಾಗುಣಿತ ತಿದ್ದುತ್ತಿದ್ದೆ. ನನ್ನ ಕಾಟ ತಾಳದೆ ಅವಳೇ ಶನಿವಾರ ಶನಿವಾರ ನನ್ನನ್ನು ರಾಯಚೂರಿನ ಬಸ್ಸು ಹತ್ತಿಸಿದಳು. ಅಲ್ಲಿನ ವೀಕ್ಷಣಾಲಯದಲ್ಲಿ, ಅಂದರೆ ಕೇಸಿನಲ್ಲಿ ಸಿಕ್ಕ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇರಿಸುವ ಮನೆಯಲ್ಲಿ, ಪಾಠ ಹೇಳತೊಡಗಿದೆ.

ಅರಕೇರಾದ ಮೌನೇಶ ಅಲ್ಲಿಗೆ ಬಂದಾಗ ಹತ್ತನೇ ತರಗತಿ ಅರ್ಧ ಮುಗಿದಿತ್ತು. ಹೊಡೆದಾಟದ ಕೇಸು. ಹಾಜರಿ ಕಡಿಮೆ, ಪರೀಕ್ಷೆಗೆ ಕೂರಿಸಲಾಗದು ಎಂದರು ಅವನ ಶಾಲೆಯವರು. ನಾನು ಅರ್ಜಿ ಹಿಡಿದು ಕಚೇರಿ ಕಚೇರಿ ಅಲೆದೆ. ಹಾಲ್ ಟಿಕೆಟ್ ಬಂತು, ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾದ, ಕೇಸೂ ಮುಗಿಯಿತು. ಅಂಕಪಟ್ಟಿಯಲ್ಲಾಗಲಿ ಟಿ.ಸಿ.ಯಲ್ಲಾಗಲಿ ಕೇಸಿನ ಸುಳಿವಿರಲಿಲ್ಲ. ಇರಬಾರದೆಂದೇ ಕಾನೂನು.

ಅಷ್ಟಕ್ಕೇ ಬಿಟ್ಟಿದ್ದರೆ ನಾನೆಂಥ ಮೇಷ್ಟ್ರು? ಪಾಸಾಗಿ ಹೋಗುವ ಹುಡುಗನಿಗೆ ನಡತೆ ಪತ್ರ ಬರೆದುಕೊಡುವುದು ನಮ್ಮ ಹಳೇ ರೂಢಿ. ಯಾರೂ ಕೇಳದಿದ್ದರೂ ಬರೆದೆ: ‘ಈತ ರಾಯಚೂರಿನ ವೀಕ್ಷಣಾಲಯದಲ್ಲಿದ್ದ ಆರು ತಿಂಗಳೂ ಆದರ್ಶಪ್ರಾಯವಾಗಿ ನಡೆದುಕೊಂಡಿದ್ದಾನೆ.’ ಮಳೆಗೆ ನೆನೆಯದಿರಲೆಂದು ಲ್ಯಾಮಿನೇಷನ್ ಕೂಡ ಮಾಡಿಸಿದೆ. ನನ್ನ ಅಕ್ಷರ ನೋಡಿ ನಾನೇ ಹಿಗ್ಗಿದೆ.

ಎರಡು ತಿಂಗಳ ನಂತರ ಸಿಂಧನೂರಿಗೆ ಹೊರಟಿದ್ದೆ. ಪೋತ್ನಾಳದಲ್ಲಿ ಬಸ್ಸು ನಿಂತಾಗ ನೋಡುತ್ತೇನೆ, ಅಕ್ಕಿ ಗಿರಣಿಯ ಮುಂದೆ ಮೌನೇಶ ಚೀಲ ಹೊರುತ್ತಿದ್ದಾನೆ! ಇಳಿದುಬಿಟ್ಟೆ.

“ಕಾಲೇಜಿಗೆ ಹೋಗಿಲ್ಲೇನೋ?”

“ಸೀಟಿಲ್ಲ ಅಂದ್ರು ಸರ್. ನಿಮ್ಮ ಪತ್ರ ಓದೂತನಕ ಸೀಟಿತ್ರೀ.”

“ಅದನ್ಯಾಕ ತೋರ್ಸಿದ್ಯೋ?”

“ಅವ್ವಗ ಓದಾಕ ಬರಂಗಿಲ್ರೀ. ಸರ್ ಬರದಾರ, ಅದನ್ನ ಎಲ್ಲಾ ಕಾಗದದ ಮ್ಯಾಲಿಡು ಅಂದ್ಳು.”

“ನಿನಗ ಓದಾಕ ಬರ್ತಿತ್ತಲ್ಲೋ!”

ಅವನು ಚೀಲದ ದಾರ ಎಳೆಯುತ್ತ ನಿಂತ. “ಗೊತ್ತಿತ್ರೀ. ಆದ್ರ ನಾ ಚಲೋ ಅದೀನಿ ಅಂತ ಬರದ ಕಾಗದ ಅದೊಂದ ಇತ್ರೀ.”

ಊರವರ ಬಾಯಿಗೆ ಹೆದರಿದ್ದೆ, ಪೊಲೀಸರ ಕಾಗದಕ್ಕೆ ಹೆದರಿದ್ದೆ. ಅವನ ಗುಟ್ಟನ್ನು ರಟ್ಟು ಮಾಡಿದ್ದು ಮಾತ್ರ ನಾನು, ಅದೂ ದುಂಡಗಿನ ಅಕ್ಷರದಲ್ಲಿ. ಮರುವರ್ಷ ನಾನೇ ಅವನನ್ನು ದೇವದುರ್ಗದ ಇನ್ನೊಂದು ಕಾಲೇಜಿಗೆ ಕರೆದೊಯ್ದೆ. ಅಂಕಪಟ್ಟಿ, ಟಿ.ಸಿ. ಅಷ್ಟೇ. ಗುಮಾಸ್ತ ತಲೆಯೆತ್ತದೆ ಸೀಲು ಹೊಡೆದ. ಐದು ನಿಮಿಷದ ಕೆಲಸ. ಅದಕ್ಕಾಗಿ ಹುಡುಗ ಒಂದು ವರ್ಷ ಚೀಲ ಹೊತ್ತಿದ್ದ. ಇವತ್ತಿಗೂ ನೆನೆದರೆ ನಾಚಿಕೆಗಿಂತ ದಿಗಿಲೇ ಹೆಚ್ಚು.

ಮೊನ್ನೆ ಅಂಗಡಿಯಿಂದ ನೇರ ವೀಕ್ಷಣಾಲಯಕ್ಕೆ ಹೋದೆ. ಈ ಸಲ ಪಾಸಾದ ಕಲ್ಲೂರಿನ ಹುಡುಗನ ಕೈಗೆ ಅಂಕಪಟ್ಟಿ, ಟಿ.ಸಿ. ಕೊಟ್ಟೆ. ಅವನು ಹಿಂದೆ ಮುಂದೆ ತಿರುವಿ ನೋಡಿದ.

“ನನ್ನ ಬಗ್ಗೆ ನೀವೇನೂ ಬರದಿಲ್ಲೇನ್ರೀ ಸರ್?”

“ಇಲ್ಲಪ್ಪ. ಕುಂದ್ರು, ಹೇಳ್ತೀನಿ.”

ಅವನಲ್ಲಿ ನಾನು ಕಂಡ ಒಳ್ಳೆಯದನ್ನೆಲ್ಲ ಒಂದೊಂದಾಗಿ ಬಾಯಲ್ಲೇ ಹೇಳಿದೆ. ಅವನು ತಲೆತಗ್ಗಿಸಿ ಪೂರಾ ಕೇಳಿದ.

“ಇನ್ನೊಮ್ಮೆ ಹೇಳ್ರಿ ಸರ್,” ಅಂದ, “ಬಾಯಿಪಾಠ ಮಾಡ್ಕೋತೀನಿ.”