ಅಕ್ಕನಿಗೆ ಹೊದಿಸದ ಸೀರೆ

ಅಕ್ಕನ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲಾರದಷ್ಟು ಕೆಟ್ಟ ಮೇಲೆ ನಾನು ಆ ಬಿಳಿ ಎಸ್‌ಯುವಿ ಕೊಂಡೆ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಭಾಲ್ಕಿಯಲ್ಲಿ. ಅವಳನ್ನು ಔರಾದಿಗೆ ಕೊಟ್ಟರು. ನಾನು ಬೀದರಿನಲ್ಲಿ ಮೇಷ್ಟ್ರಾದೆ. ಗಾಡಿಯ ಮೆಟ್ಟಿಲೂ ಎತ್ತರವೇ ಎಂದು ಅವಳಿಗಾಗಿ ಹಿಂದೆ ಒಂದು ಮಣೆ ಇಟ್ಟುಕೊಂಡಿದ್ದೆ.

ಮೊದಲ ಸಲ ಅವಳನ್ನು ಭಾಲ್ಕಿಗೆ ಕರೆದೊಯ್ಯುವಾಗಲೇ ಗಾಡಿ ಕಬ್ಬಿನ ಹೊಲಗಳ ನಡುವೆ ನಿಂತುಬಿಟ್ಟಿತು. ಕೊನೆಗೆ ಒಂದು ಟ್ರ್ಯಾಕ್ಟರ್ ನಮ್ಮನ್ನು ಪೇಟೆಯ ನಡುವಿನಿಂದಲೇ ಎಳೆದುಕೊಂಡು ಹೋಯಿತು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. “ಮೆರವಣಿಗಿ ಆತು ನೋಡು, ತಮ್ಮಾ.”

ನನಗೆ ನಗು ಬರಲಿಲ್ಲ.

“ಸೆನ್ಸರ್ ಬದಲು ಮಾಡೀವ್ರಿ, ಇನ್ನ ತೊಂದ್ರಿ ಇಲ್ರಿ,” ಎಂದರು ಗ್ಯಾರೇಜಿನವರು. ಆ ಮಾತನ್ನು ಆಮೇಲೆ ಮೂರು ಸಲ ಕೇಳಿದೆ, ಮೂರು ಸಲವೂ ನಂಬಿದೆ. ಅಕ್ಕ ಮಾತ್ರ ಒಂದು ದಿನ ಮೆಲ್ಲಗೆ ಹೇಳಿದಳು: “ನಾ ಇಲ್ಲೇ ಇರ್ತೇನಿ. ನೀನೇ ಬಂದು ಹೋಗಪ್ಪ. ಬ್ಯಾಸರ ಮಾಡ್ಕೋಬ್ಯಾಡ.” ಆಮೇಲೆ ಅವಳು ಭಾಲ್ಕಿ ನೋಡಲೇ ಇಲ್ಲ.

ಹೋದ ವರ್ಷ ಒಂದು ಮುಂಜಾನೆ ಅವಳ ಮಗಳ ಫೋನ್ ಬಂತು. “ಮಾಮಾ, ಅವ್ವ ಹೋದಳ್ರಿ.”

ನಮ್ಮಲ್ಲಿ ಮಣ್ಣಿಗಿಡುವ ಮೊದಲು ಹೆಣ್ಣುಮಗಳ ಮೈಮೇಲೆ ತವರಿನ ಸೀರೆ ಹೊದಿಸಬೇಕು. ಅದನ್ನು ತರುವವನು ಅಣ್ಣ, ಇಲ್ಲವೇ ತಮ್ಮ. ಅಂಗಡಿ ತೆರೆಸಿ ಹಸಿರು ಸೀರೆ ತಂದೆವು.

“ಇವತ್ತ ಬಸ್ಸಿಗಿ ಹೋಗೂಣ್ರಿ,” ಎಂದಳು ಹೆಂಡತಿ.

“ಮೊನ್ನಿ ತಾನೇ ರಿಪೇರಿ ಆಗ್ಯಾದ,” ಎಂದು ನಾನು ಕೀಲಿಕೈ ತೆಗೆದುಕೊಂಡೆ.

ಜನವಾಡ ದಾಟಿದ ಮೇಲೆ ಗಾಡಿ ಸತ್ತಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ “ಅರ್ಧ ತಾಸಿನ್ಯಾಗ ಬರ್ತೇನ್ರಿ” ಎಂದ. ಕಾದೆ. ಔರಾದಿನ ಬಸ್ಸೊಂದು ಹೋಯಿತು, ಹೆಂಡತಿ ಕೈ ಎತ್ತಿದ್ದಳು, ನಾನೇ ಬೇಡವೆಂದೆ. ಇನ್ನೇನು ಶುರುವಾಗುತ್ತದೆ ಅನ್ನಿಸುತ್ತಿತ್ತು. ಎರಡು ತಾಸಾದರೂ ಮೆಕ್ಯಾನಿಕ್ ಬರಲಿಲ್ಲ. ಭಾವನ ಫೋನ್ ಮೂರನೇ ಸಲ ಬಂತು: “ಎಲ್ಲಿ ಅದೀರಿ? ಮಂದಿ ಕಾಯ್ಲಾಕತ್ತದ.” ಕೊನೆಗೆ ಬೈಕಿನವನೊಬ್ಬನನ್ನು ತಡೆದು, ಹೆಂಡತಿಯನ್ನು ಗಾಡಿಯ ಹತ್ತಿರವೇ ಬಿಟ್ಟು, ಸೀರೆ ಎದೆಗವಚಿಕೊಂಡು ಹೊರಟೆ.

ನಾನು ತಲುಪಿದಾಗ ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು.

ಅಕ್ಕನ ಮಗಳು ಬಂದು ನನ್ನ ಕೈ ಹಿಡಿದಳು. “ನೀವು ಪಂಚಮಿಗಿ ನನಗ ಕೊಟ್ಟ ಸೀರಿನೇ ಹೊಚ್ಚೀನ್ರಿ, ಮಾಮಾ. ‘ಮಾಮಾ ತಂದಾರ’ ಅಂತ ಅವ್ವನ ಕಿವ್ಯಾಗ ಹೇಳೀನಿ.”

 ಅಕ್ಕನನ್ನು ಮಣ್ಣು ಮಾಡಿದ ಹೊಲಕ್ಕೆ ಭಾವ ನನ್ನನ್ನು ಕರೆದೊಯ್ದ. ಹಸಿಮಣ್ಣಿನ ಮೇಲೆ ನಾನು ಸೀರೆ ಹಾಸಿದೆ. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಅವನೇ ಕಲ್ಲಿಟ್ಟ. ನಾನು ಅಲ್ಲೇ ಕೂತು ಅತ್ತೆ. ನಂತರ ಅವನು ಕೇಳಿದ್ದು ಇಷ್ಟೇ: “ತಂಗಿ ಒಬ್ಬಾಕಿನೇ ರೋಡಿನ್ಯಾಗ ಅದಾಳೇನು?”

ನನ್ನ ಹೆಂಡತಿಯನ್ನು ಕರೆತರಲು ಅವನೇ ತನ್ನ ಪಕ್ಕದ ಮನೆಯವರನ್ನು ಕಳಿಸಿದ.

ಗಾಡಿ ಮರುದಿನ ಐದು ನಿಮಿಷದಲ್ಲಿ ಶುರುವಾಯಿತಂತೆ. ತಿಂಗಳೊಳಗೆ ಮಾರಿದೆ. ಕೇಳಿದವರೆಲ್ಲ ಗಾಡಿಯನ್ನು ಬೈಯುತ್ತಾರೆ, ನಾನೂ ಹೂಂಗುಟ್ಟುತ್ತೇನೆ. ಹೆಂಡತಿ ಮಾತ್ರ ಆ ಹೊತ್ತಿಗೆ ಎದ್ದು ಒಳಗೆ ಹೋಗುತ್ತಾಳೆ.