ನನ್ನ ಮಾತು ಅಕ್ಕೋರ ಬಾಯಲ್ಲಿ

ಬನಹಟ್ಟಿಯ ನಮ್ಮ ಮನೆಯಲ್ಲಿ ಈಗ ಮಗ್ಗದ ಸದ್ದಿಗಿಂತ ಹೆಚ್ಚು ಕೇಳುವುದು ಒಂದೇ ಮಾತು: "ನಮ್ಮ ಅಕ್ಕೋರು ಹಿಂಗ ಅಂದ್ರು." ಮೊಮ್ಮಗಳು ನಾಲ್ಕನೆಯ ಇಯತ್ತೆ. ಮೊದಲೆಲ್ಲ ಶಾಲೆಯಿಂದ ಬಂದವಳೇ ನನ್ನ ಮಗ್ಗುಲಲ್ಲಿ ಕುಳಿತು, ನಾನು ಲಾಳಿಯ ಕಂಡಿಕೆಗೆ ನೂಲು ಸುತ್ತುವುದನ್ನು ನೋಡುತ್ತ ಏನೇನೋ ಕೇಳುತ್ತಿದ್ದಳು. ಹೊಸ ಅಕ್ಕೋರು ಕಲಿಸಲು ಬಂದ ಮೇಲೆ ಕೇಳುವುದನ್ನು ಬಿಟ್ಟು ನನಗೇ ಹೇಳಿಕೊಡತೊಡಗಿದಳು.

"ಆಯಿ, ಲೆಕ್ಕ ತಪ್ಪಿದರ ಪೂರಾ ಅಳಸಬಾರದಂತ. ಎಳಿ ಎಲ್ಲಿ ಹರೀತು ಹುಡುಕಿ, ಅಲ್ಲಿಂದನ ಕೂಡಸಬೇಕಂತ."

"ನೂಲು ಹರದಾಗೆಲ್ಲಾ ಇದನ್ನ ನಾ ಹೇಳಿಲ್ಲೇನ ನಿನಗ?"

"ನೀ ಬೈದಿ. ಅಕ್ಕೋರು ಹೇಳಿದ್ರು."

ಮೈ ಉರಿಯಿತು. ಮರುದಿನ ಅವಳು ಮರೆತುಹೋದ ನೀರಿನ ಬಾಟಲಿ ಹಿಡಿದು ಶಾಲೆಗೆ ನಡೆದೆ. ಬಾಟಲಿ ನೆಪ. ಆ ಹೆಣ್ಣುಮಗಳನ್ನು ನೋಡಬೇಕಿತ್ತು.

ಹಲಗೆಯ ಮುಂದೆ ಒಬ್ಬಳು ಹುಡುಗಿ ಭಾಗಾಕಾರ ತಪ್ಪಿ ಅಳುಮೋರೆ ಮಾಡಿ ನಿಂತಿದ್ದಳು. ಅಕ್ಕೋರು ಗದರಲಿಲ್ಲ. ನೂಲು ಸವರುವಂತೆ ಅಂಕಿಗಳ ಮೇಲೆ ಬೆರಳು ಆಡಿಸಿ, "ಇಲ್ಲಿ ಹರದೈತಿ ನೋಡವ್ವಾ" ಎಂದರು. ಆ ಬೆರಳು ಕಂಡಾಗಲೇ ಗೊತ್ತಾಯಿತು.

ಬಾಗಿಲಲ್ಲಿ ನನ್ನನ್ನು ನೋಡಿ ಹೊರಗೆ ಬಂದರು. "ಬರ್ರಿ ಆಯಿ."

"ನೇಕಾರ ಮನಿಯಾಕಿ ಏನವಾ ನೀ?"

"ಹೌದ್ರೀ, ರಬಕವಿಯಾಕಿ. ಸಣ್ಣಾಕಿದ್ದಾಗ ನಮ್ಮವ್ವನ ಕೂಡ ಕಂಡಿಕಿ ಸುತ್ತೇನ್ರಿ."

"ಸಾಲಿ ಬಿಡಿಸಲಿಲ್ಲಾ?"

"ಇಲ್ರೀ. ಸಾಲಿ ಮುಗಿಸಿಕೊಂಡು ಬಂದು ಸುತ್ತು ಅಂತಿದ್ಲು."

ಅದೇ ಕಂಡಿಕೆ, ಅದೇ ನೂಲು. ನನ್ನ ಅವ್ವ ಎರಡನೆಯ ಇಯತ್ತೆಗೇ ಕೈಯ ಪಾಟಿ ಕಸಿದು ರಾಟಿಯ ಮುಂದೆ ಕೂರಿಸಿದಳು. "ಬಂದು ಸುತ್ತು" ಎಂದು ನಮ್ಮ ಮನೆಯಲ್ಲಿ ಯಾರೂ ಅನ್ನಲಿಲ್ಲ. ಈಕೆ ಛಲೋ ಕಲಿಸುತ್ತಾಳೆ, ಖರೆ. ಕೆಟ್ಟದಾಗಿ ಕಲಿಸಿದ್ದರೆ ನನಗೆ ಹಾಯೆನಿಸುತ್ತಿತ್ತು.

ಸಂಜೆ ಮೊಮ್ಮಗಳಿಗೆ ಲೆಕ್ಕ ಕೂಡಲಿಲ್ಲ. ಸಿಟ್ಟಿಗೆದ್ದು ಹಾಳೆ ಹರಿಯಹೋದಳು. ಭಾಗಾಕಾರ ನನಗೆ ಬಾರದು. ಆದರೂ ಅವಳ ಕೈ ಹಿಡಿದು, ಈ ಸಲ ಬೈಯದೆ, "ಎಲ್ಲಿ ಹರದೈತಿ ನೋಡೂಣು, ಮೊದಲಿಂದ ಹೇಳಕೋತ ಬಾ" ಎಂದೆ. ಹೇಳುತ್ತ ಹೇಳುತ್ತ ತಪ್ಪು ಅವಳಿಗೇ ಸಿಕ್ಕಿತು.

"ಆಯಿ, ನೀ ಅಕ್ಕೋರಂಗ ಮಾತಾಡಾಕತ್ತಿ!"

"ನಾ ಆಕಿಯಂಗಲ್ಲ ಬೇ, ಆಕಿ ನನ್ನಂಗ."

ಅವಳು ನಂಬಲಿಲ್ಲ. ನಾಳೆ ಅಕ್ಕೋರನ್ನೇ ಕೇಳಿಕೊಂಡು ಬರುತ್ತಾಳಂತೆ.